ಮುರುಗಲ ಸಿಪ್ಪೆ, ಗಾರ್ಸೀನಿಯಾ ಕ್ಯಾಪ್ಸೂಲು ಮತ್ತೆ ನಾನು ಹಾಕಿದ ಹೆಡ್ಡಿಂಗು

ಸಿದ್ದಾಪುರ ಕಡೆಯ ಓದುಗರೊಬ್ಬರು ಬರೆದಿದಾರೆ: ಹೋದ ಸಂಚಿಕೇಲಿ ಮುರುಗಲ (ಕೋಕಂ, ಪುನರ್ಪುಳಿ) ಸಿಪ್ಪೆ ಎಕ್ಸ್‌ಟ್ರಾಕ್ಟಲ್ಲಿ ವಿಟಮಿನ್ ಸಿಗಿಂತ ಜಾಸ್ತಿ ಆಂಟಿಆಕ್ಸಿಡೆಂಟ್ ಅಂತ ಹಾಕಿದ್ರಲ್ಲ, ನಮ್ಮ ಹಿತ್ಲಲ್ಲೇ ಎರಡು ಮರ ಇದೆ, ಎಕ್ಸ್‌ಟ್ರಾಕ್ಟ್ ಮನೇಲೇ ಮಾಡ್ಕೋಬಹುದಾ, ಇಲ್ಲಾ ಯಜಮಾನರ ತೂಕಕ್ಕೆ ಪೇಟೇಲಿ ಸಿಗೋ ಗಾರ್ಸೀನಿಯಾ ಕ್ಯಾಪ್ಸೂಲ್ ತರಲಾ, ಅತ್ತೆಗೆ ಶುಗರ್ ಮಾತ್ರೆ ನಿಲ್ಸಿ ಇದನ್ನೇ ಕೊಟ್ರೆ ಆಗತ್ತಾ, ಬೀಜ ಎಸೀಲಾ ಇಟ್ಕೊಳ್ಲಾ.

ಅಕ್ಕಾ, ಮೊದ್ಲು ಅತ್ತೆಯವರ ವಿಷ್ಯ. ಮಾತ್ರೆ ನಿಲ್ಲಿಸ್ಬೇಡಿ. ಮುರುಗಲು ಒಳ್ಳೇದೇ, ಆದ್ರೆ ಅದು ಶುಗರ್ ಮಾತ್ರೆ ಜಾಗಕ್ಕೆ ಬರೋ ವಸ್ತು ಅಲ್ಲ. ಪಾನಕ ಕುಡೀಲಿ, ಸಕ್ಕರೆ ಹಾಕ್ದೇ ಜೀರಿಗೆ ಹಾಕಿ, ಬಾಟ್ಲಿ ಸಿರಪ್ ಮಾತ್ರ ಬೇಡ, ಅದ್ರಲ್ಲಿ ಹಣ್ಣಿಗಿಂತ ಸಕ್ಕರೇನೇ ಜಾಸ್ತಿ.

ಇನ್ನು ಆ ಹೆಡ್ಡಿಂಗು. ನಾನೇ ಹಾಕಿದ್ದು, ಲೇಖಕರದ್ದೇನೂ ತಪ್ಪಿಲ್ಲ. ಲ್ಯಾಬಲ್ಲಿ ಡಿಪಿಪಿಎಚ್ ಅಂತ ಒಂದು ಪುಡಿ ಇರತ್ತೆ, ಮೆಥನಾಲ್ ಅನ್ನೋ ವಿಷದ ಸ್ಪಿರಿಟ್ಟಲ್ಲಿ ಕರಗಿಸಿದ್ರೆ ನೇರಳೆ ಹಣ್ಣು ತಿಂದ ನಾಲಿಗೆ ಥರಾ ಬಣ್ಣ, ಅದಕ್ಕೆ ಸಿಪ್ಪೆ ಸಾರ ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿ ಇಟ್ರೆ ನೇರಳೆ ಹೋಗಿ ಹಳದಿ ಆಗತ್ತೆ, ಎಷ್ಟು ನೇರಳೆ ಹೋಯ್ತು ಅಂತ 517 ನ್ಯಾನೊಮೀಟರ್ ಬೆಳಕು ಬಿಟ್ಟು ಅಳೀತಾರೆ. ನೇರಳೆ ಹೋದಷ್ಟೂ ಆಂಟಿಆಕ್ಸಿಡೆಂಟ್ ಜಾಸ್ತಿ ಅಂತ ಲೆಕ್ಕ, ಟೆಸ್ಟ್ ಅಂದ್ರೆ ಇಷ್ಟೇ. ಅದ್ರಲ್ಲಿ ಇನ್ನೊಂದು ಪೇಚು, ಮುರುಗಲಿಗೆ ಕೆಂಪು ಕೊಡೋ ಆಂಥೊಸಯನಿನ್ ಅನ್ನೋ ಬಣ್ಣ ಕೂಡ ಹೆಚ್ಚುಕಮ್ಮಿ ಅದೇ ಬೆಳಕನ್ನ ಹೀರತ್ತೆ, ಅದನ್ನ ಕಳೆದು ಲೆಕ್ಕ ಹಾಕ್ಲಿಲ್ಲ ಅಂದ್ರೆ ನಂಬರೇ ತಪ್ಪು. ನಂಬರು ಸರಿ ಇದ್ರೂ ಅದು ಗಾಜಿನ ಕೊಳವೆ ಕಥೆ. ಕುಡಿದ ಆಂಥೊಸಯನಿನ್ನಲ್ಲಿ ರಕ್ತಕ್ಕೆ ಹಾಗೇ ಸೇರೋದು ಚೂರೇ ಚೂರು, ಉಳಿದದ್ದು ಕರುಳಲ್ಲೇ ಬೇರೆ ರೂಪ ತಗೊಳತ್ತೆ.

ಆಂಟಿಆಕ್ಸಿಡೆಂಟ್ ಅಂದ ಕೂಡ್ಲೇ ಜಾಸ್ತಿ ತಗೊಂಡಷ್ಟೂ ಒಳ್ಳೇದು ಅನ್ಕೋತೀವಲ್ಲ, ಫಿನ್ಲೆಂಡಲ್ಲಿ 29,133 ಜನ ಸಿಗರೇಟ್ ಸೇದೋ ಗಂಡಸರನ್ನ ಸೇರಿಸಿ ಅವರಲ್ಲಿ ಕೆಲವರಿಗೆ ವರ್ಷಗಟ್ಟಲೆ ಬೀಟಾ ಕ್ಯಾರೊಟಿನ್ (ಕ್ಯಾರೆಟ್ಟಲ್ಲಿರೋ ಆಂಟಿಆಕ್ಸಿಡೆಂಟು) ಮಾತ್ರೆ ಕೊಟ್ರು, 1994ರಲ್ಲಿ ರಿಸಲ್ಟ್ ಬಂದಾಗ ಅದನ್ನ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಆಗಿತ್ತು! ಕ್ಯಾರೆಟ್ ತಿಂದು ಯಾರಿಗೂ ಹಾಗಾಗಿಲ್ಲ, ಸಾರ ತೆಗೆದು ಮಾತ್ರೆ ಮಾಡಿದಾಗ ಅದು ಬೇರೇನೇ ವಸ್ತು.

ಕ್ಯಾಪ್ಸೂಲು ಅಂದ್ರಲ್ಲ, ಅದು ಸಾಮಾನ್ಯವಾಗಿ ನಿಮ್ಮ ಮುರುಗಲೇ ಅಲ್ಲ, ಅದರ ದಾಯಾದಿ ಉಪ್ಪಾಗೆ. ನಿಮ್ ಕಡೆ ಮಳೇಲಿ ಹೆಕ್ಕಿ ಬೆಂಕಿ ಮೇಲೆ ಒಣಗ್ಸೋ ಅದೇ ಉಪ್ಪಾಗೆ. ಎರಡರಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಇದೆ, ಸಕ್ಕರೆ ಕೊಬ್ಬಾಗೋ ದಾರೀಲಿ ಒಂದು ಕಿಣ್ವವನ್ನ ತಡಿಯತ್ತೆ, ಇದು ನಿಜ. ಆದ್ರೆ 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನೋಡಿದ್ರು, ಆ ಉಪ್ಪಾಗೆ ಸಾರ ನುಂಗಿದವರಿಗೂ ಸುಮ್ನೆ ಖಾಲಿ ಮಾತ್ರೆ ನುಂಗಿದವರಿಗೂ ತೂಕದಲ್ಲಿ ಹೇಳ್ಕೊಳೋ ವ್ಯತ್ಯಾಸ ಇರ್ಲಿಲ್ಲ. ಜತೆಗೆ ಗಾರ್ಸೀನಿಯಾ ಇರೋ ತೂಕದ ಮಾತ್ರೆ ತಗೊಂಡು ಲಿವರ್ ಕೆಟ್ಟ ಕೇಸುಗಳೂ ದಾಖಲಾಗಿವೆ. ದುಡ್ಡು ಕೊಟ್ಟು ಯಾಕೆ ಬೇಕು ಹೇಳಿ. ಯಜಮಾನರು ಸಂಜೆ ತೋಟಕ್ಕೆ ಎರಡು ರೌಂಡ್ ಹೋಗ್ಬರ್ಲಿ.

ಮನೇಲಿ ಎಕ್ಸ್‌ಟ್ರಾಕ್ಟ್ ಮಾಡೋಕೆ ದಯವಿಟ್ಟು ಹೋಗ್ಬೇಡಿ, ಲ್ಯಾಬಿನವರು ಬಳಸೋದು ಮೆಥನಾಲು, ಹೊಟ್ಟೆಗೆ ಹೋದ್ರೆ ಕಣ್ಣೇ ಹೋಗತ್ತೆ. ನೀರಲ್ಲಿ ನೆನೆಸಿ ಕಿವುಚಿ ತೆಗೆದ ರಸಾನೂ ಎಕ್ಸ್‌ಟ್ರಾಕ್ಟೇ, ನಿಮ್ಮಜ್ಜಿ ಮಾಡ್ತಿದ್ದದ್ದೇ. ಆ ಕೆಂಪು ನೋಡ್ಬೇಕು ಅಂದ್ರೆ ಒಂದು ಲೋಟಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕ್ತಾ ಹೋಗಿ, ಬುರುಗು ಇಳಿದ ಮೇಲೆ ಕೆಂಪು ಕಪ್ಪಾಗಿ ಆಮೇಲೆ ನೀಲಿ ಹಸಿರು ಕಡೆ ತಿರುಗತ್ತೆ, ಮಕ್ಕಳಿಗೆ ತೋರ್ಸಿ. ಕುಡೀಬೇಡಿ ಅಷ್ಟೇ. ಮತ್ತೆ ಬಿಪಿ ಇರೋರು ಉಪ್ಪು ಹಾಕಿ ಒಣಗ್ಸಿದ ಸಿಪ್ಪೆ ಆದ್ರೆ ಸಾರಿಗೆ ಮತ್ತೆ ಉಪ್ಪು ಹಾಕ್ಬೇಡಿ.

ಬೀಜ ಎಸೀಬೇಡಿ. ಒಣಗ್ಸಿ ಕುಟ್ಟಿ ನೀರಲ್ಲಿ ಕುದಿಸಿದ್ರೆ ಮೇಲೆ ತುಪ್ಪ ತೇಲತ್ತೆ, ಆರಿದ ಮೇಲೆ ಗಟ್ಟಿ ಬಿಲ್ಲೆ. ನಮ್ಮಮ್ಮ ಹಿಮ್ಮಡಿ ಒಡೆದಾಗ ರಾತ್ರಿ ಅದನ್ನ ದೀಪಕ್ಕೆ ಹಿಡಿದು ಕರಗಿಸಿ ಹಚ್ತಿದ್ರು. ಈ ಸಲ ಬಿಲ್ಲೆ ಮಾಡಿದ್ರೆ ಆಫೀಸಿಗೊಂದು ಕಳ್ಸಿ ಅಕ್ಕಾ, ನನ್ನ ಹಿಮ್ಮಡಿಯೂ ಒಡೆದಿದೆ.