ಕಾರ್ವೆಟ್‌ನ ಒಂದು ಹೆಡ್‌ಲೈಟ್ ಅರ್ಧಕ್ಕೇ ನಿಲ್ಲುತ್ತಿದೆ, ಮೋಟರ್ ಹೋಗಿದೆಯಾ?

ಮೋಟರ್ ಹೋಗಿಲ್ಲ. ನಿಮ್ಮ ಕಾರಿನ ಹೆಡ್‌ಲೈಟಿಗೆ ಮೋಟರೇ ಇಲ್ಲ.

ನೀವು ಕೇಳಿದ್ದು ಇಷ್ಟು: 1975ರ ಕಾರ್ವೆಟ್ (ಷೆವ್ರೊಲೆ ಕಂಪನಿಯ ಅಮೆರಿಕನ್ ಸ್ಪೋರ್ಟ್ಸ್ ಕಾರು, ಹೆಡ್‌ಲೈಟ್‌ಗಳು ಮೂತಿಯೊಳಗೆ ಅಡಗಿದ್ದು ಬೇಕಾದಾಗ ಮೇಲೇಳುತ್ತವೆ), ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೀರಿ. ಸ್ವಿಚ್ ಎಳೆದರೆ ಎಡಗಡೆ ದೀಪ ಪಟ್ ಅಂತ ಏಳುತ್ತದೆ, ಬಲಗಡೆಯದು ಅರ್ಧಕ್ಕೆ ಬಂದು ನಿಲ್ಲುತ್ತದೆ. ಕೈಯಲ್ಲಿ ತಳ್ಳಿದರೆ ಪೂರ್ತಿ ಮೇಲೆ ಹೋಗುತ್ತದೆ. ಎಂಜಿನ್ ಆರಿಸಿ ಅರ್ಧ ಗಂಟೆ ಬಿಟ್ಟು ನೋಡಿದರೆ ಎರಡೂ ಅಲುಗುವುದಿಲ್ಲ. ಆನ್‌ಲೈನ್‌ನಲ್ಲಿ ‘ಕಾರ್ವೆಟ್ ಹೆಡ್‌ಲೈಟ್ ಮೋಟರ್’ ಅಂತ ಒಂದು ಸಿಕ್ಕಿದೆ, ಆರ್ಡರ್ ಮಾಡಲಾ?

ಮಾಡಬೇಡಿ. 1963ರಿಂದ 67ರವರೆಗಿನ ಕಾರ್ವೆಟ್‌ಗೆ ಮೋಟರ್ ಇತ್ತು. 1984ರ ಹೊಸ ಮಾಡೆಲ್‌ಗೂ ಮೋಟರ್ ಇದೆ. ನಡುವಿನ 1968ರಿಂದ 82ರವರೆಗಿನದ್ದು ಮಾತ್ರ ವ್ಯಾಕ್ಯೂಮ್‌ನಿಂದ, ಅಂದರೆ ಎಂಜಿನ್ ಗಾಳಿ ಹೀರುವ ಎಳೆತದಿಂದ ನಡೆಯುತ್ತದೆ. ನನ್ನ ಬಳಿ ಇರುವುದೂ ಇದೇ ಪೀಳಿಗೆಯ ಕಾರು. ಇಲ್ಲಿ ಒಹಾಯೋದ ಚಳಿಗೆ ಪ್ರತಿ ವರ್ಷ ಏನಾದರೂ ಒಂದು ರಬ್ಬರ್ ತುಂಡು ಕೈಕೊಡುತ್ತದೆ. ಹಾಗಾಗಿ ಈ ಪೈಪುಗಳ ಜಾಡು ಹಿಡಿದು ಹೋಗುವುದು ಅಭ್ಯಾಸವಾಗಿಬಿಟ್ಟಿದೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಿ, ಆಮೇಲೆ ಹುಡುಕುವುದು ಸುಲಭ. ಎಂಜಿನ್ ಓಡುವಾಗ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗಳ ಗುಂಪು) ಗಾಳಿ ಎಳೆಯುತ್ತದೆ. ಅಲ್ಲಿಂದ ಒಂದು ಪೈಪ್ ಹೊರಟು, ಚೆಕ್ ವಾಲ್ವ್ ದಾಟಿ, ಒಂದು ಖಾಲಿ ಟ್ಯಾಂಕಿಗೆ ಸೇರುತ್ತದೆ. ಚೆಕ್ ವಾಲ್ವ್ ಅಂದರೆ ಒಂದೇ ದಿಕ್ಕಿಗೆ ಗಾಳಿ ಬಿಡುವ ಸಣ್ಣ ಬಾಗಿಲು. ನೀವು ಆಕ್ಸಲರೇಟರ್ ಒತ್ತಿದಾಗ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಕುಸಿಯುತ್ತದೆ, ಆಗ ಟ್ಯಾಂಕಿನಲ್ಲಿ ಕೂಡಿಟ್ಟ ವ್ಯಾಕ್ಯೂಮ್ ಕಳೆದುಹೋಗದಂತೆ ಈ ವಾಲ್ವ್ ತಡೆಯುತ್ತದೆ. ಪ್ರತಿ ದೀಪದ ಹಿಂದೆ ತಗಡಿನ ದುಂಡು ಡಬ್ಬಿ ಇದೆ, ಅದೇ ಆಕ್ಚುಯೇಟರ್. ಒಳಗೆ ರಬ್ಬರ್ ಡಯಾಫ್ರಾಮ್ (ಡಬ್ಬಿಯನ್ನು ಎರಡು ಭಾಗ ಮಾಡುವ ತೆಳು ಪರದೆ), ಮುಂದೆ ಒಂದು ರಾಡ್. ಡಬ್ಬಿಗೆ ಎರಡು ನಿಪ್ಪಲ್, ಅಂದರೆ ಪೈಪ್ ಸಿಕ್ಕಿಸುವ ಸಣ್ಣ ಮೂತಿ. ಒಂದು ಕಡೆಯಿಂದ ಎಳೆದರೆ ದೀಪ ಮೇಲೆ, ಇನ್ನೊಂದು ಕಡೆಯಿಂದ ಎಳೆದರೆ ಕೆಳಗೆ. ಯಾವ ಕಡೆಗೆ ಕೊಡಬೇಕು ಅಂತ ತೀರ್ಮಾನಿಸುವುದು ರಿಲೇ. ಇದು ಕರೆಂಟಿನ ರಿಲೇ ಅಲ್ಲ, ಇದೂ ವ್ಯಾಕ್ಯೂಮ್‌ನದೇ, ದೀಪಕ್ಕೊಂದರಂತೆ ಎರಡಿವೆ. ಆ ರಿಲೇಗೆ ಹುಕುಂ ಹೋಗುವುದು ಡ್ಯಾಶ್‌ಬೋರ್ಡಿನ ದೀಪದ ಸ್ವಿಚ್ಚಿನಿಂದ, ಒಂದು ಸಣ್ಣ ಪೈಪಿನ ಮೂಲಕ. ಸ್ವಿಚ್ಚಿನ ಬೆನ್ನಿಗೇ ಒಂದು ವ್ಯಾಕ್ಯೂಮ್ ವಾಲ್ವ್ ಅಂಟಿಕೊಂಡಿದೆ. ಜೊತೆಗೆ ಡ್ಯಾಶ್ ಕೆಳಗೆ ಇನ್ನೊಂದು ಓವರ್‌ರೈಡ್ ಸ್ವಿಚ್ ಇದೆ, ದೀಪ ಉರಿಸದೆ ಸುಮ್ನೆ ಮೇಲೆತ್ತಿ ಒರೆಸುವುದಕ್ಕೆ.

ಅಂದರೆ ಎರಡು ಜಾಲ. ದಪ್ಪ ಪೈಪುಗಳು ಬಲ ಕೊಡುತ್ತವೆ, ಸಣ್ಣ ಪೈಪುಗಳು ಮಾತು ಮುಟ್ಟಿಸುತ್ತವೆ. ತೂತಾದ ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ, ಈ ಎರಡರಲ್ಲಿ ಎಲ್ಲಿ ಸೀಳಿದ್ದರೂ ಎಳೆತ ಕಡಿಮೆಯಾಗುತ್ತದೆ. ದೀಪ ಅರ್ಧಕ್ಕೆ ನಿಲ್ಲುವುದು ಅದಕ್ಕೇ.

ನಿಮ್ಮ ಲಕ್ಷಣದಲ್ಲಿ ಎರಡು ಬೇರೆ ಬೇರೆ ದೂರು ಇವೆ ಅಂತ ನನಗನಿಸುತ್ತದೆ. ಬಲಗಡೆ ಅರ್ಧಕ್ಕೆ ನಿಲ್ಲುವುದು ಒಂದು. ಅರ್ಧ ಗಂಟೆಗೆ ಟ್ಯಾಂಕಿನ ವ್ಯಾಕ್ಯೂಮ್ ಖಾಲಿಯಾಗುವುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಇರಬಹುದು, ಆದರೆ ಹಾಗಂತ ಮೊದಲೇ ನಂಬಬೇಡಿ.

ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಎಂಜಿನ್ ಆರಿಸಿದ ಕೂಡಲೇ ದೀಪದ ಗೂಡಿಗೆ ಬೆರಳು ತೂರಿಸಬೇಡಿ. ಟ್ಯಾಂಕಿನಲ್ಲಿ ವ್ಯಾಕ್ಯೂಮ್ ಉಳಿದಿರುತ್ತದೆ, ಯಾರಾದರೂ ಸ್ವಿಚ್ ಮುಟ್ಟಿದರೆ ಆ ದೀಪ ಬೆರಳನ್ನು ನೋಡುವುದಿಲ್ಲ. ಟ್ಯಾಂಕಿನ ಪೈಪ್ ಬಿಚ್ಚಿ, ಉಸ್ ಅಂತ ಗಾಳಿ ಒಳಗೆ ಹೋದ ಮೇಲೆ ಕೆಲಸ ಶುರು ಮಾಡಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಗೇಜ್ ಇರುವ ಒಂದು ಕೈ ವ್ಯಾಕ್ಯೂಮ್ ಪಂಪ್. ಆಟೋ ಪಾರ್ಟ್ಸ್ ಅಂಗಡಿಗಳಲ್ಲಿ ಡೆಪಾಸಿಟ್ ಇಟ್ಟು ಒಂದೆರಡು ದಿನಕ್ಕೆ ತರಬಹುದು. ಒಂದು ಗಜ ರಬ್ಬರ್ ಪೈಪ್, ಒಂದು ತುದಿ ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯಿಂದ ಸೋರುವ ಸದ್ದು ಹುಡುಕುವುದಕ್ಕೆ. ಮತ್ತೆ ಒಂದು ಹಿಡಿ ಗಾಲ್ಫ್ ಟೀ, ಅಂದರೆ ಗಾಲ್ಫ್ ಚೆಂಡು ಕೂರಿಸುವ ಚೂಪು ಗೂಟ. ನಗಬೇಡಿ, ಬಿಚ್ಚಿದ ಪೈಪಿನ ಬಾಯಿ ಮುಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯ ಬಿರಡೆ ಇಲ್ಲ. ಬೇರೆ ಬೇರೆ ದಪ್ಪದ ಪೈಪಿಗೂ ಒಂದೇ ಟೀ ಕೂರುತ್ತದೆ.

ಮೊದಲು ಎಂಜಿನ್ನಿನ ಆರೋಗ್ಯ ನೋಡಿ. ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಮ್ಯಾನಿಫೋಲ್ಡಿಗೆ ಗೇಜ್ ಹಾಕಿದರೆ ಸುಮಾರು 17ರಿಂದ 20 ಇಂಚು (ಪಾದರಸದ ಇಂಚು, ವ್ಯಾಕ್ಯೂಮ್ ಅಳೆಯುವ ಲೆಕ್ಕ) ತೋರಿಸಬೇಕು. ಎತ್ತರದ ಊರಾದರೆ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಒಂದು ಇಂಚು ಕಳೆಯಿರಿ. ಹಿಂದಿನ ಮಾಲೀಕರು ರೇಸ್ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿಸಿದ್ದರೆ ಐಡಲ್‌ನಲ್ಲಿ ವ್ಯಾಕ್ಯೂಮ್ ಬಹಳ ಕಡಿಮೆ ಇರುತ್ತದೆ, ಆಗ ಹೆಡ್‌ಲೈಟಿನ ತಪ್ಪೇನಿಲ್ಲ. ಗೇಜ್ ಸರಿಯಾಗಿದ್ದರೆ, ಹೆಡ್‌ಲೈಟಿಗೆ ಹೋಗುವ ಪೈಪನ್ನು ಮ್ಯಾನಿಫೋಲ್ಡ್ ಹತ್ತಿರ ಬಿಚ್ಚಿ, ಮ್ಯಾನಿಫೋಲ್ಡಿನ ನಿಪ್ಪಲ್ ಮುಚ್ಚಿ. ಐಡಲ್ ಬದಲಾಯಿತಾ? ಹಾಗಾದರೆ ಆ ಜಾಲದಲ್ಲಿ ದೊಡ್ಡ ಸೋರಿಕೆ ಇದೆ, ಎಂಜಿನ್ ಅದರಿಂದ ಬೇಡದ ಗಾಳಿ ಕುಡಿಯುತ್ತಿತ್ತು. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನ ದಪ್ಪ ಪೈಪ್ ಬೇರೆ, ಅದರ ಸಹವಾಸಕ್ಕೆ ಹೋಗಬೇಡಿ.

ಈಗ ಟ್ಯಾಂಕ್. ಚೆಕ್ ವಾಲ್ವ್ ಬಿಚ್ಚಿ ಬಾಯಲ್ಲಿ ಊದಿ ನೋಡಿ. ಒಂದು ಕಡೆ ಹೋಗಬೇಕು, ಇನ್ನೊಂದು ಕಡೆ ಚೂರೂ ಹೋಗಬಾರದು. ಎರಡೂ ಕಡೆ ಹೋದರೆ ನಿಮ್ಮ ಅರ್ಧ ಗಂಟೆಯ ದೂರು ಅಲ್ಲಿಗೇ ಮುಗಿಯಬಹುದು. ಆ ವಾಲ್ವ್ ಈ ಇಡೀ ವ್ಯವಸ್ಥೆಯಲ್ಲಿ ಅಗ್ಗದ ತುಂಡುಗಳಲ್ಲಿ ಒಂದು. ಅದು ಸರಿ ಇದ್ದರೆ ಟ್ಯಾಂಕಿನ ಉಳಿದ ಬಾಯಿಗಳನ್ನು ಮುಚ್ಚಿ, ಪಂಪಿನಿಂದ 15 ಇಂಚು ಎಳೆದು, ಟೀ ಕುಡಿದು ಬನ್ನಿ. ಗೇಜಿನ ಮುಳ್ಳು ಇಳಿದಿರಬಾರದು. (ಟ್ಯಾಂಕಿನ ವಿಷಯದಲ್ಲಿ ನಮ್ಮ ಪುಣ್ಯ ಅಂತಲೇ ಹೇಳಬೇಕು. 60ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಲೋಟಸ್ ಎಲಾನ್‌ಗೂ ಇಂಥದ್ದೇ ವ್ಯಾಕ್ಯೂಮ್ ದೀಪ. ಅದರಲ್ಲಿ ಚಾಸಿಯ ಮುಂದಿನ ಅಡ್ಡ ತೊಲೆಯೇ ಟ್ಯಾಂಕ್. ತೊಲೆಗೆ ತುಕ್ಕು ಹಿಡಿದು ತೂತು ಬಿದ್ದರೆ ದೀಪ ಏಳುವುದಿಲ್ಲ. ಆಮೇಲೆ ದೀಪದ ಚಿಂತೆ ಯಾರಿಗೆ, ಅಲ್ವಾ?)

ಬಲಗಡೆಗೆ ಬರೋಣ. ನನ್ನ ಅನುಮಾನ ಜಾಸ್ತಿ ಇರುವುದು ಇಲ್ಲೇ. ಎಡಗಡೆ ಚುರುಕಾಗಿ ಏಳುತ್ತಿದೆ ಅಂದರೆ ಐಡಲ್‌ನಲ್ಲಿ ಸಾಕಷ್ಟು ಎಳೆತವೂ ಬರುತ್ತಿದೆ, ಸ್ವಿಚ್ಚಿನ ಮಾತೂ ಮುಟ್ಟುತ್ತಿದೆ. ವ್ಯತ್ಯಾಸ ಇರುವುದು ಬಲಗಡೆಯ ಯಂತ್ರ, ಬಲಗಡೆಯ ಡಬ್ಬಿ, ಬಲಗಡೆಯ ರಿಲೇ, ಮತ್ತು ಅವುಗಳ ನಡುವಿನ ಪೈಪುಗಳಲ್ಲಿ.

ಪೈಪುಗಳನ್ನು ಮುಟ್ಟುವ ಮೊದಲು ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಪೈಪಿನ ಮೇಲೆ ಕೆಂಪು, ಹಸಿರು ಗೆರೆ ಇರುತ್ತದೆ, ಕೆಲವು ಕಾರಿನಲ್ಲಿ ಅಳಿಸಿಹೋಗಿರುತ್ತದೆ. ಡಬ್ಬಿಯ ಎರಡು ಪೈಪ್ ಅದಲುಬದಲಾದರೆ ಒಂದು ದೀಪ ಎದ್ದಾಗ ಇನ್ನೊಂದು ಮಲಗುತ್ತದೆ. ನೋಡುವುದಕ್ಕೆ ತಮಾಷೆ, ರಾತ್ರಿ ಓಡಿಸುವುದಕ್ಕಲ್ಲ.

ಆಮೇಲೆ ಕೈಯಲ್ಲಿ ಅಲುಗಿಸಿ. ಟ್ಯಾಂಕ್ ಖಾಲಿ ಮಾಡಿ, ಬಲಗಡೆ ಡಬ್ಬಿಯ ಎರಡೂ ಪೈಪ್ ಬಿಚ್ಚಿ, ದೀಪವನ್ನು ನಿಧಾನವಾಗಿ ಏಳಿಸಿ, ಇಳಿಸಿ. ಎಡಗಡೆಯದನ್ನೂ ಹಾಗೇ ಮಾಡಿ ಹೋಲಿಸಿ. ಬಲಗಡೆ ಬಿಗಿ ಅನಿಸಿದರೆ ಮೊದಲು ಗ್ರೀಸ್, ಆಮೇಲೆ ಉಳಿದದ್ದು. ತಿರುಗುವ ಕಡೆಯ ಬುಷ್‌ಗಳು ಒಣಗಿ, ತುಕ್ಕು ಸೇರಿ ಹಿಡಿದುಕೊಂಡಿರುತ್ತವೆ. ದೀಪದ ಮುಚ್ಚಳ ಅಕ್ಕಪಕ್ಕದ ಬಾಡಿಗೆ ಉಜ್ಜುತ್ತಿದೆಯಾ ಅಂತಲೂ ನೋಡಿ. ಬಣ್ಣ ಸವೆದ ಗುರುತು ಇದ್ದರೆ ಅದೇ ಸಾಕ್ಷಿ. ಜೋರು ಮಾಡಬೇಡಿ, ಬಾಡಿ ಫೈಬರ್‌ಗ್ಲಾಸ್, ಬಿರುಕು ಬಿಟ್ಟರೆ ಈ ಡಬ್ಬಿಗಿಂತ ದುಬಾರಿ.

ಸಲೀಸಾಗಿ ಅಲುಗುತ್ತಿದ್ದರೆ ಡಬ್ಬಿಗೆ ಪಂಪ್ ಹಾಕಿ. ಹಿಂದಿನ ನಿಪ್ಪಲ್‌ಗೆ ಒಮ್ಮೆ, ರಾಡ್ ಇರುವ ಮುಂದಿನ ಕಡೆಯ ನಿಪ್ಪಲ್‌ಗೆ ಒಮ್ಮೆ. ಎರಡರಲ್ಲೂ ಮುಳ್ಳು ನಿಂತರೆ ಡಬ್ಬಿ ಚೆನ್ನಾಗಿದೆ. ಎರಡರಲ್ಲೂ ಇಳಿದರೆ ಡಯಾಫ್ರಾಮ್ ಹರಿದಿದೆ. ಹಿಂದೆ ನಿಂತು ಮುಂದೆ ಮಾತ್ರ ಇಳಿದರೆ ರಾಡ್ ಹೊರಬರುವ ಜಾಗದ ರಬ್ಬರ್ ಸೀಲ್ ಹೋಗಿದೆ. ಈ ಮೂರನೆಯದೇ ನಾನು ಹೆಚ್ಚಾಗಿ ನೋಡಿರುವುದು. ಮಳೆ, ಧೂಳು, ಬಿಸಿ ಎಲ್ಲ ಮೊದಲು ತಾಗುವುದು ಆ ಸೀಲ್‌ಗೇ. ಅನುಮಾನ ಇದ್ದರೆ ಮುಂದಿನ ಕಡೆ ಎಳೆಯುತ್ತಲೇ ಹಿಂದಿನ ನಿಪ್ಪಲ್‌ಗೆ ಬೆರಳು ಒತ್ತಿ. ಸೋರುವುದು ನಿಂತರೆ ಡಯಾಫ್ರಾಮ್, ನಿಲ್ಲದಿದ್ದರೆ ಸೀಲ್. ಸೀಲ್ ಮಾತ್ರ ಬೇರೆಯಾಗಿಯೂ ಸಿಗುತ್ತದೆ, ಪೂರ್ತಿ ಡಬ್ಬಿ ಕೊಳ್ಳಬೇಕಾಗಿಲ್ಲ.

ಡಬ್ಬಿ ಪಾಸಾದರೆ ರಿಲೇ. ಎಡ ಬಲ ರಿಲೇಗಳನ್ನು ಅದಲುಬದಲು ಮಾಡಿ. ಸೋಮಾರಿತನ ಎಡಕ್ಕೆ ಹೋಯಿತು ಅಂದರೆ ಕಳ್ಳ ಸಿಕ್ಕ. ಇನ್ನೊಂದು ದಾರಿ: ಎಂಜಿನ್ ಓಡುತ್ತಿರುವಾಗ ರಿಲೇಯ ಸಣ್ಣ ನಿಪ್ಪಲ್‌ಗೆ ಪಂಪಿನಿಂದ ವ್ಯಾಕ್ಯೂಮ್ ಕೊಡಿ, ಬಿಡಿ. ದೀಪ ಒಮ್ಮೆ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಹೋಗಬೇಕು. ನಡುವೆ ತಡವರಿಸಿದರೆ ಒಳಗಿನ ರಬ್ಬರ್ ಗಟ್ಟಿಯಾಗಿದೆ.

ಪೈಪುಗಳ ಬಗ್ಗೆ ಒಂದು ಮಾತು. ಈ ವಯಸ್ಸಿನ ರಬ್ಬರ್ ಸೀಳುವುದು ತುದಿಯಲ್ಲೇ, ನಿಪ್ಪಲ್ ಮೇಲೆ ಹಿಗ್ಗಿ ಕೂತ ಜಾಗದಲ್ಲಿ. ಅರ್ಧ ಇಂಚು ಕತ್ತರಿಸಿ ಮತ್ತೆ ತೂರಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕತ್ತರಿಸಲು ಉದ್ದ ಸಾಲದಿದ್ದರೆ ಪೂರ್ತಿ ಪೈಪ್ ಕಿಟ್ ಸಿಗುತ್ತದೆ. ಆದರೆ ‘ಮೊದಲು ಎಲ್ಲ ಪೈಪ್ ಬದಲಾಯಿಸಿ, ಆಮೇಲೆ ನೋಡೋಣ’ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಡಬ್ಬಿ ಸೋರುತ್ತಿದ್ದರೆ ಹೊಸ ಪೈಪ್ ಏನು ಮಾಡುತ್ತದೆ? ಬದಲಾಯಿಸುವುದೇ ಆದರೆ ಒಂದು ಬಿಚ್ಚಿ ಒಂದು ಹಾಕಿ, ಎಲ್ಲವನ್ನೂ ಒಟ್ಟಿಗೆ ಕಿತ್ತು ನೆಲದ ಮೇಲೆ ಹರಡಬೇಡಿ.

ಇಷ್ಟಾದ ಮೇಲೂ ಟ್ಯಾಂಕ್ ಖಾಲಿಯಾಗುತ್ತಿದ್ದರೆ ಕಾರಿನೊಳಗೆ ಕೂತು, ಎಂಜಿನ್ ಆರಿಸಿದ ಕೂಡಲೇ ಡ್ಯಾಶ್ ಕೆಳಗೆ ಕಿವಿ ಕೊಡಿ. ಸ್ವಿಚ್ಚಿನ ಬೆನ್ನಿನ ವಾಲ್ವ್ ಅಥವಾ ಓವರ್‌ರೈಡ್ ಸ್ವಿಚ್ ಸೋರುತ್ತಿದ್ದರೆ ಸಣ್ಣಗೆ ಉಸ್ ಅನ್ನುತ್ತದೆ. ದೀಪದ ಸ್ವಿಚ್ ಹೊರತೆಗೆಯುವುದು ಬೇಸರದ ಕೆಲಸ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಬ್ಯಾಟರಿ ತಂತಿ ಬಿಚ್ಚುವುದನ್ನು ಮರೆಯಬೇಡಿ.

ಎರಡು ದೀಪ ಒಟ್ಟಿಗೆ, ಒಂದೇ ವೇಗದಲ್ಲಿ ಏಳಬೇಕು ಅಂತ ಆಸೆ ಇಟ್ಟುಕೊಳ್ಳಬೇಡಿ. ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ ಇದ್ದೇ ಇರುತ್ತದೆ. ಎರಡೂ ಪೂರ್ತಿ ಎದ್ದು ನಿಂತರೆ ಸಾಕು. ವಿದ್ಯುತ್ ಮೋಟರಿಗೆ ಬದಲಾಯಿಸುವ ಕಿಟ್‌ಗಳೂ ಮಾರಾಟಕ್ಕಿವೆ. ದಿನಾ ಆಫೀಸಿಗೆ ಓಡಿಸುವವರಿಗೆ ಸರಿ ಇರಬಹುದು. ವಾರಕ್ಕೊಮ್ಮೆ ಹೊರತೆಗೆಯುವ ಕಾರಿಗೆ ನಾನಂತೂ ಹಾಕುವುದಿಲ್ಲ.

ರಿಪೇರಿ ಮುಗಿಯುವ ತನಕ ರಾತ್ರಿ ಹೊರಗೆ ಹೋಗಲೇಬೇಕಾದರೆ, ಹೊರಡುವ ಮೊದಲೇ ಎರಡನ್ನೂ ಪೂರ್ತಿ ಮೇಲೆ ಕೂರಿಸಿ, ಕೈಯಿಂದ ಅಲುಗಿಸಿ ಗಟ್ಟಿಯಾಗಿ ನಿಂತಿವೆಯಾ ಅಂತ ನೋಡಿ. ಬಲಗಡೆ ಡಬ್ಬಿಯ ಯಾವ ನಿಪ್ಪಲ್‌ನಲ್ಲಿ ಮುಳ್ಳು ಇಳಿಯುತ್ತದೆ ಅಂತ ಗೊತ್ತಾದರೆ ಇಲ್ಲೇ ಕೆಳಗೆ ಬರೆಯಿರಿ, ಯಾವ ತುಂಡು ತರಿಸಬೇಕು ಅಂತ ಹೇಳುತ್ತೇನೆ.