ಸೋತಾಗ ತಪ್ಪು ಯಾರದು?

ಪ್ರಿಯ ಓದುಗರೇ,

ನಿಮ್ಮ ಹನ್ನೊಂದು ಪುಟದ ಪತ್ರ ತಲುಪಿತು. ಎರಡು ಸಲ ಓದಿದೆ. ಇಪ್ಪತ್ತೈದು ವರ್ಷದಿಂದ ವಿಡಿಯೋ ಗೇಮ್ ಆಡುತ್ತಿದ್ದೀರಿ. ಆದರೂ ಇದು "ಬರೀ ಹವ್ಯಾಸ" ಎಂದು ಮೂರು ಕಡೆ ಬರೆದಿದ್ದೀರಿ. ಆ "ಬರೀ" ಬೇಕಿರಲಿಲ್ಲ. ಇಷ್ಟು ವರ್ಷ ಒಂದನ್ನು ಪ್ರೀತಿಸುತ್ತಾ, ಅದರ ಹುಳುಕನ್ನೂ ನೋಡುತ್ತಾ ಬಂದವರ ಮಾತಿಗೆ ತೂಕ ಇದ್ದೇ ಇರುತ್ತದೆ.

ಪೂರ್ತಿ ಪತ್ರ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ಸಾರ ಹೇಳುತ್ತೇನೆ. ಹಳೆಯ ಆಟಗಳು ಕಷ್ಟವಾಗಿದ್ದವು, ಅದಕ್ಕೇ ಚೆನ್ನಾಗಿದ್ದವು, ಈಗಿನವು ಆಡುವವರನ್ನು ಮಗುವಿನಂತೆ ಕೈಹಿಡಿದು ನಡೆಸುತ್ತವೆ ಎನ್ನುವುದು ನಿಮ್ಮ ಮೊದಲ ಮಾತು. ಆಟ ಸಿನಿಮಾದ ಮಟ್ಟಕ್ಕೆ ಏರಬೇಕಾದರೆ ಕಥೆ ಗಟ್ಟಿಯಾಗಿರಬೇಕು ಎನ್ನುವುದು ಎರಡನೆಯದು. ದುಡ್ಡು ಕೊಟ್ಟು ಕೊಂಡ ಆಟ ಒಂದು ದಿನ ತೆರೆಯುವುದೇ ಇಲ್ಲ, ಇದೆಂಥ ನ್ಯಾಯ ಎನ್ನುವುದು ಮೂರನೆಯದು. ಕೊನೆಗೆ ನಿಮ್ಮ ಅಮ್ಮನ ಬಗ್ಗೆ ಒಂದು ಪ್ರಶ್ನೆ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಹಳೆಯ ಆಟಗಳು ಕಷ್ಟವಾಗಿದ್ದವು, ನಿಜ. ಆದರೆ ಅವು ಚೆನ್ನಾಗಿದ್ದದ್ದು ಕಷ್ಟವಾಗಿದ್ದಕ್ಕೇನಾ? ನನಗೆ ಹಾಗನ್ನಿಸುವುದಿಲ್ಲ. ಆಟದಲ್ಲಿ ಔಟ್ ಆದಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ತಪ್ಪು ಯಾರದು? "ಛೇ, ನಾನೇ ಬೇಗ ಹಾರಿಬಿಟ್ಟೆ" ಅನ್ನಿಸಿದರೆ ಆಟ ಒಳ್ಳೆಯದು. "ಎಲ್ಲಿಂದ ಹೊಡೆಯಿತು ಅಂತಲೇ ಕಾಣಲಿಲ್ಲವಲ್ಲ" ಅನ್ನಿಸಿದರೆ ಕೊರತೆ ಆಟದ್ದು. ಎರಡರಲ್ಲೂ ಹತ್ತು ಸಲ ಔಟ್ ಆಗಿರಬಹುದು. ಮೊದಲನೆಯದನ್ನು ಹನ್ನೊಂದನೇ ಸಲ ಆಡುತ್ತೇವೆ. ಎರಡನೆಯದನ್ನು ಆಫ್ ಮಾಡಿ ಎದ್ದು ಹೋಗುತ್ತೇವೆ.

ನೀವೇ ಕೊಟ್ಟ ಉದಾಹರಣೆ ನೋಡಿ, 1980ರ ಪ್ಯಾಕ್‌ಮ್ಯಾನ್. ಸುತ್ತುಬಳಸಿನ ದಾರಿಗಳಲ್ಲಿ ಚುಕ್ಕಿ ತಿನ್ನುತ್ತಾ ದೆವ್ವಗಳಿಂದ ತಪ್ಪಿಸಿಕೊಳ್ಳುವ ಆಟ ಅದು. ನಾಲ್ಕು ದೆವ್ವಗಳು ಸುಮ್ನೆ ಅಲೆಯುತ್ತಿವೆ ಅಂತ ಹೊಸಬರಿಗೆ ಅನ್ನಿಸುತ್ತದೆ. ಸ್ವಲ್ಪ ದಿನ ಆಡಿದರೆ ಒಂದೊಂದರ ಸ್ವಭಾವ ತಿಳಿಯುತ್ತದೆ. ಕೆಂಪು ದೆವ್ವ ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿ ದೆವ್ವ ನಾವು ಹೋಗುತ್ತಿರುವ ದಾರಿಯಲ್ಲಿ ಮುಂದೆ ಬಂದು ಅಡ್ಡಹಾಕಲು ನೋಡುತ್ತದೆ. ಕಿತ್ತಳೆಯದು ಹತ್ತಿರ ಬಂದ ಮೇಲೆ ತಿರುಗಿ ತನ್ನ ಮೂಲೆಗೆ ಹೋಗುತ್ತದೆ. ಆಟ ರೂಪಿಸಿದ ತೊರು ಇವಾತಾನಿ ಬೇಕೆಂದೇ ಹೀಗೆ ಮಾಡಿದರು. ನಾಲ್ಕೂ ಒಂದೇ ಸಾಲಾಗಿ ಹಿಂದೆ ಬಿದ್ದರೆ ಅದರಲ್ಲಿ ಮಜಾ ಇರುವುದಿಲ್ಲ ಅಲ್ವಾ? ಆ ನಿಯಮಗಳನ್ನು ಆಟ ಎಲ್ಲೂ ಬರೆದು ತೋರಿಸುವುದಿಲ್ಲ, ಆದರೆ ಮುರಿಯುವುದೂ ಇಲ್ಲ. ಅದಕ್ಕೇ ಅಲ್ಲಿ ಪ್ರತಿ ಸೋಲೂ ಒಂದಿಷ್ಟು ಕಲಿಸಿ ಹೋಗುತ್ತದೆ.

ಆದರೆ ಆ ಕಾಲದ ಕಷ್ಟದ ಹಿಂದೆ ವ್ಯಾಪಾರವೂ ಇತ್ತು. ಆರ್ಕೇಡ್ ಯಂತ್ರಕ್ಕೆ ನಾಣ್ಯ ಹಾಕಿ ಆಡಬೇಕು. ಒಬ್ಬರೇ ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಆಡಿದರೆ ಯಂತ್ರದ ಮಾಲೀಕನಿಗೆ ನಷ್ಟ. ಹಾಗಾಗಿ ಬಹಳಷ್ಟು ಯಂತ್ರಗಳ ಒಳಗೆ ಪುಟ್ಟ ಪುಟ್ಟ ಸ್ವಿಚ್‌ಗಳಿರುತ್ತಿದ್ದವು. ಎಷ್ಟು ಜೀವ, ಅಂದರೆ ಔಟ್ ಆಗುವ ಅವಕಾಶ, ಕೊಡಬೇಕು, ಎಷ್ಟು ಅಂಕಕ್ಕೆ ಇನ್ನೊಂದು ಜೀವ ಅಂತ ಮಾಲೀಕ ಅಲ್ಲೇ ಹೊಂದಿಸಬಹುದಿತ್ತು. ನಾವು ಸೋತಿದ್ದು ಎಷ್ಟೋ ಸಲ ಆ ಸ್ವಿಚ್ಚಿನ ಮುಂದೆ.

ಮನೆಯಲ್ಲಿ ಆಡುವ ಯಂತ್ರ ಬಂದ ಮೇಲೆ ನಾಣ್ಯ ಹೋಯಿತು. ಮೂರು ಜೀವದ ಲೆಕ್ಕ ಮಾತ್ರ ಅಭ್ಯಾಸಬಲದಿಂದ ಉಳಿಯಿತು. 2017ರಲ್ಲಿ ಸೂಪರ್ ಮಾರಿಯೋ ಒಡಿಸ್ಸಿ ಆ ಲೆಕ್ಕವನ್ನೇ ತೆಗೆದುಹಾಕಿತು. ಔಟ್ ಆದರೆ ಆಟದೊಳಗಿನ ಹತ್ತು ನಾಣ್ಯ ಹೋಗುತ್ತದೆ, ಅಷ್ಟೇ. ಅದರಿಂದ ಆಟದ ರುಚಿ ಒಂದು ಚೂರೂ ಕೆಡಲಿಲ್ಲ ಎಂದು ಆಡಿದವನಾಗಿ ಹೇಳಬಲ್ಲೆ. ನೀವು ಹೊಗಳಿ ಒಂದು ಪುಟ ಬರೆದಿರುವ ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಬಗ್ಗೆ ಮಾತ್ರ ನನಗೆ ನಿಮ್ಮಷ್ಟು ಪ್ರೀತಿ ಇಲ್ಲ. ಅಷ್ಟು ಒದ್ದಾಡಿ ಕೊನೆ ಮುಟ್ಟಿದವರಿಗೆ "ಇದು ಬರೀ ಮಾಯೆ, ಮೊದಲಿನಿಂದ ಇನ್ನೊಂದು ಸಲ ಆಡಿ ಬಾ" ಅನ್ನುವ ಆಟ ಅದು. ಎರಡನೇ ಸುತ್ತಿನಲ್ಲಿ ಹೊಸದಾಗಿ ಕಲಿಯಲು ಏನೂ ಜಾಸ್ತಿ ಇಲ್ಲ. ಮಾಡಿದ ಕೆಲಸವನ್ನೇ ಮತ್ತೆ ಮಾಡಿಸುವುದು ಕಷ್ಟವೂ ಅಲ್ಲ, ಅದು ಬರೀ ದಣಿವು.

ಡಾರ್ಕ್ ಸೋಲ್ಸ್ ವಿಷಯದಲ್ಲಿ ನೀವೂ ನಾನೂ ಒಂದೇ. 2011ರ ಆ ಆಟದಲ್ಲಿ ಆರ್ನ್‌ಸ್ಟೈನ್ ಮತ್ತು ಸ್ಮೌ ಎಂಬ ಜೋಡಿಯ ಮುಂದೆ ನಾನು ಎರಡು ವಾರ ನಿಂತಿದ್ದೆ. ಒಬ್ಬ ಚುರುಕು, ಇನ್ನೊಬ್ಬ ಬೃಹತ್ತಾದ ಸುತ್ತಿಗೆ ಹಿಡಿದ ದಡೂತಿ. ಮೊದಲ ವಾರ ಪೂರ್ತಿ ಇದು ಅನ್ಯಾಯ ಅಂತಲೇ ಅಂದುಕೊಂಡೆ. ಆಮೇಲೆ ಒಂದು ರಾತ್ರಿ ಆ ಸಭಾಂಗಣದ ಕಂಬಗಳು ಕಣ್ಣಿಗೆ ಬಿದ್ದವು. ಅವು ಮೊದಲಿನಿಂದಲೂ ಅಲ್ಲೇ ಇದ್ದವು. ಇಬ್ಬರ ನಡುವೆ ಒಂದು ಕಂಬ ಅಡ್ಡ ಇರುವ ಹಾಗೆ ಓಡಾಡಿದರೆ, ಒಂದು ಹೊತ್ತಿಗೆ ಒಬ್ಬನನ್ನೇ ಎದುರಿಸಬಹುದು. ಗೆದ್ದ ರಾತ್ರಿ ನನ್ನ ಕೈ ನಡುಗುತ್ತಿತ್ತು. ಆ ಸಂತೋಷ ಪುಸ್ತಕ ಓದುವಾಗ ಸಿಗುವುದಲ್ಲ, ಸಿನಿಮಾ ನೋಡುವಾಗ ಸಿಗುವುದೂ ಅಲ್ಲ. ಉತ್ತರ ನನ್ನ ಕೈಯೊಳಗೇ ಬಂದಿತ್ತು.

ಇದನ್ನು ಹೇಳಿದ ಮೇಲೂ, ಸುಲಭದ ಆಯ್ಕೆ ಇಟ್ಟರೆ ಕಷ್ಟಪಟ್ಟು ಗೆದ್ದವರಿಗೆ ಅವಮಾನ ಎನ್ನುವ ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ. 2018ರ ಸೆಲೆಸ್ಟ್ ಆಡಿದ್ದೀರಿ ಎಂದು ಬರೆದಿದ್ದೀರಿ. ಅದರಷ್ಟು ಬೆರಳು ನೋಯಿಸುವ ಆಟ ಕಡಿಮೆ. ಆದರೆ ಒಳಗೊಳಗೇ ಅದು ಎಷ್ಟು ಕರುಣೆ ತೋರುತ್ತದೆ ನೋಡಿ. ಬಂಡೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ, ಕಣ್ಣು ಮಿಟುಕಿಸುವಷ್ಟು ಹೊತ್ತು ಹಾರುವ ಬಟನ್ ಕೆಲಸ ಮಾಡುತ್ತದೆ. ಔಟ್ ಆದರೆ ಮರುಕ್ಷಣ ಅದೇ ಪರದೆಯ ಶುರುವಿನಲ್ಲಿ ನಿಂತಿರುತ್ತೀರಿ. ಇಷ್ಟಾದರೂ ಆಗದವರು ಆಟದ ವೇಗವನ್ನು ಅರ್ಧದವರೆಗೆ ಇಳಿಸಿಕೊಳ್ಳಬಹುದು. ಯಾರೋ ವೇಗ ಇಳಿಸಿ ಆಡಿದರು ಎಂದು ನಿಮ್ಮ ಗೆಲುವು ಎಲ್ಲಿಗೆ ಹೋಯಿತು? 2020ರ ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗದಲ್ಲಿ ಇಂಥ ಅನುಕೂಲಗಳು 60ಕ್ಕಿಂತ ಹೆಚ್ಚಿವೆ. ಕಣ್ಣು ಕಾಣದವರು ಬರೀ ಸದ್ದು ಕೇಳುತ್ತಾ ಅದನ್ನು ಆಡಿ ಮುಗಿಸಿದ್ದಾರೆ. ಈ ಮಾಧ್ಯಮ ಮಾಡಿರುವ ದೊಡ್ಡ ಕೆಲಸಗಳಲ್ಲಿ ಅದೂ ಒಂದು ಎಂದು ನಾನು ನಂಬುತ್ತೇನೆ.

ಇನ್ನು ಕಥೆ. ಸಿನಿಮಾದ ಮಟ್ಟ ಎನ್ನುವ ಅಳತೆಗೋಲೇ ಸರಿಯಿಲ್ಲ ಅನ್ನಿಸುತ್ತದೆ ನನಗೆ. ಆಟದ ನಡುನಡುವೆ ಹತ್ತು ನಿಮಿಷದ ದೃಶ್ಯ ಬರುತ್ತದೆ, ಅದರಲ್ಲಿ ನಾಯಕ ಒಂದು ಸಾವಿಗೆ ಕಣ್ಣೀರಿಡುತ್ತಾನೆ. ಆಟ ಆಡಿಸುವ ಕಂಟ್ರೋಲರ್ ನಮ್ಮ ಕೈಗೆ ಬಂದ ಕೂಡಲೇ ಅದೇ ನಾಯಕ ನೂರು ಜನರನ್ನು ಕೊಂದು ಹಾಕುತ್ತಾನೆ. ಕಥೆ ಒಂದು ಹೇಳುತ್ತದೆ, ಕೈ ಇನ್ನೊಂದು ಮಾಡುತ್ತದೆ. ಕ್ಲಿಂಟ್ ಹಾಕಿಂಗ್ ಎಂಬ ವಿನ್ಯಾಸಕಾರ 2007ರಲ್ಲಿ ಬಯೋಶಾಕ್ ಆಟದ ಬಗ್ಗೆ ಬರೆಯುತ್ತಾ ಕಥೆಗೂ ಆಟಕ್ಕೂ ನಡುವಿನ ಇಂಥ ಬಿರುಕಿಗೆ ಲುಡೊನರೇಟಿವ್ ಡಿಸೊನೆನ್ಸ್ ಎಂದು ಹೆಸರಿಟ್ಟರು. ಹೆಸರು ಭಾರವಾಗಿದೆ, ವಿಷಯ ಮಾತ್ರ ಆಡುವ ಎಲ್ಲರಿಗೂ ಗೊತ್ತಿರುವುದೇ.

ಕೈ ಮತ್ತು ಕಥೆ ಒಂದಾದಾಗ ಏನಾಗುತ್ತದೆ ಎಂದು ನೋಡಬೇಕಾದರೆ 2013ರ ಪೇಪರ್ಸ್, ಪ್ಲೀಸ್ ಆಡಿ. ಲೂಕಸ್ ಪೋಪ್ ಮಾಡಿದ್ದು. ನೀವು ಗಡಿಯಲ್ಲಿ ಕೂತ ಅಧಿಕಾರಿ. ಸಾಲಾಗಿ ಬರುವವರ ಕಾಗದಪತ್ರ ನೋಡಿ ಮುದ್ರೆ ಒತ್ತಬೇಕು. ಎಷ್ಟು ಜನರನ್ನು ನೋಡಿದಿರೋ ಅಷ್ಟು ಸಂಬಳ. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ. ದಿನ ಮುಗಿದಾಗ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು, ಔಷಧಿ. ಒಂದು ದಿನ ಒಬ್ಬ ಬರುತ್ತಾನೆ. ಅವನ ಕಾಗದ ಸರಿಯಿದೆ. "ಹಿಂದೆ ನನ್ನ ಹೆಂಡತಿ ಇದ್ದಾಳೆ, ದಯೆ ತೋರಿಸಿ" ಎಂಬಂತೆ ಕೇಳಿಕೊಂಡು ಹೋಗುತ್ತಾನೆ. ಅವಳ ಹತ್ತಿರ ಬೇಕಾದ ಒಂದು ಕಾಗದ ಇಲ್ಲ. ಒಳಗೆ ಬಿಟ್ಟರೆ ತಪ್ಪು ನಿಮ್ಮ ಲೆಕ್ಕಕ್ಕೆ. ದಿನದ ಮೊದಲ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಆಮೇಲೆ ಸಂಬಳದಲ್ಲಿ ಕಡಿತ. ಆ ದಿನ ನನ್ನ ಎರಡೂ ಎಚ್ಚರಿಕೆ ಮುಗಿದಿದ್ದವು. ನಾನು ಅವಳನ್ನು ವಾಪಸ್ ಕಳಿಸಿದೆ. ಕೆಂಪು ಮುದ್ರೆ ಒತ್ತಿದ್ದು ನನ್ನದೇ ಬೆರಳು. ಸಿನಿಮಾದಲ್ಲಾಗಿದ್ದರೆ ಆ ಅಧಿಕಾರಿಯನ್ನು ನಾನು ಬೈದುಕೊಂಡು ಹೊರಬರುತ್ತಿದ್ದೆ.

ಔಟರ್ ವೈಲ್ಡ್ಸ್ ನೀವು ಇನ್ನೂ ಆಡಿಲ್ಲ ಎಂದು ಬರೆದಿದ್ದೀರಿ. ಹಾಗಾಗಿ ಸ್ವಲ್ಪವೇ ಹೇಳುತ್ತೇನೆ. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ನೀವು ಶುರುವಿನ ಜಾಗದಲ್ಲಿ ಮತ್ತೆ ಕಣ್ಣು ಬಿಡುತ್ತೀರಿ. ಹೊಸ ಆಯುಧ ಇಲ್ಲ, ಬಲ ಹೆಚ್ಚುವುದಿಲ್ಲ. ಹಿಂದಿನ ಸಲ ತಿಳಿದುಕೊಂಡದ್ದು ಮಾತ್ರ ನಿಮ್ಮ ಜೊತೆ ಬರುತ್ತದೆ. ಆಡುವ ಮೊದಲು ಅದರ ಬಗ್ಗೆ ಏನನ್ನೂ ಓದಬೇಡಿ, ದಯವಿಟ್ಟು.

ಆಟಗಳನ್ನು ಸುಮ್ಮನೆ ಉದ್ದ ಮಾಡುತ್ತಾರೆ ಎಂಬ ನಿಮ್ಮ ದೂರಿಗೆ ನಾನು ಸೇರಿಸುವುದು ಕಡಿಮೆ. ನೂರು ಗಂಟೆಯ ಆಟ ಎನ್ನುವುದನ್ನು ಹೆಮ್ಮೆಯ ಮಾತಾಗಿ ಜಾಹೀರಾತಿನಲ್ಲಿ ಹಾಕುವುದು ನಿಲ್ಲಬೇಕು. ಒಂದು ಚಿಕ್ಕ ಆಕ್ಷೇಪ ಮಾತ್ರ ಇದೆ. ಬ್ರೆತ್ ಆಫ್ ದ ವೈಲ್ಡ್‌ನ ಮೂಲೆಮೂಲೆಯಲ್ಲಿ ಅಡಗಿಸಿಟ್ಟ 900 ಕೊರೊಕ್ ಬೀಜಗಳನ್ನು ಈ ಸುಮ್ಮನೆ ಉದ್ದ ಮಾಡುವ ಪಟ್ಟಿಗೆ ಸೇರಿಸಬೇಡಿ. ಚೀಲ ಪೂರ್ತಿ ದೊಡ್ಡದಾಗಲು 441 ಸಾಕು. ಉಳಿದವು ಇರುವುದು ನೀವು ಯಾವ ದಿಕ್ಕಿಗೆ ಹೋದರೂ ಒಂದಾದರೂ ಸಿಗಲಿ ಎಂದು. ಎಲ್ಲವನ್ನೂ ಹುಡುಕು ಎಂದು ಆಟ ಕೇಳುವುದಿಲ್ಲ.

ಆಟದೊಳಗೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳ, ಅಂದರೆ ಲೂಟ್ ಬಾಕ್ಸ್‌ಗಳ ಬಗ್ಗೆ ನಾನು ನಿಮಗಿಂತ ಕಟುವಾಗಿದ್ದೇನೆ. 2006ರಲ್ಲಿ ಒಬ್ಲಿವಿಯನ್ ಆಟದ ಕುದುರೆಗೆ ಎರಡೂವರೆ ಡಾಲರ್‌ಗೆ ಕವಚ ಮಾರಿದಾಗ ಜನ ನಕ್ಕಿದ್ದರು. ಕವಚ ಕೊಟ್ಟ ದುಡ್ಡಿಗಾದರೂ ಸಿಗುತ್ತಿತ್ತು. ಲೂಟ್ ಬಾಕ್ಸ್‌ನಲ್ಲಿ ಏನು ಸಿಗುತ್ತದೆ ಎಂಬುದೇ ಅದೃಷ್ಟದ ಮಾತು. 2018ರಲ್ಲಿ ಬೆಲ್ಜಿಯಂ ಕೆಲವು ಆಟಗಳ ಲೂಟ್ ಬಾಕ್ಸನ್ನು ಜೂಜು ಎಂದೇ ಕರೆಯಿತು. ನನಗೆ ಹೆಚ್ಚು ನೋವಾಗುವುದು ಇನ್ನೊಂದಕ್ಕೆ. ದುಡ್ಡು ಕೊಟ್ಟರೆ ಬೇಗ ಮುಂದೆ ಹೋಗಬಹುದು ಎನ್ನುವ ಆಟದಲ್ಲಿ, ಕೊಡದವರ ದಾರಿಯನ್ನು ಬೇಕೆಂದೇ ಬೇಸರವಾಗುವಂತೆ ಕಟ್ಟಿರುತ್ತಾರೆ. ಅಲ್ಲಿ ಸೋತರೆ ಕಲಿಯಲು ಏನೂ ಇರುವುದಿಲ್ಲ. ಆರ್ಕೇಡ್ ಯಂತ್ರದ ಆ ಸ್ವಿಚ್ ಈಗ ನಮ್ಮ ಜೇಬಿಗೇ ಬಂದಿದೆ.

ಕೊಂಡ ಆಟ ಒಂದು ದಿನ ತೆರೆಯುವುದೇ ಇಲ್ಲ ಎನ್ನುವ ನಿಮ್ಮ ಮೂರನೆಯ ಮಾತಿಗೆ ನನ್ನ ಪೂರ್ತಿ ಬೆಂಬಲವಿದೆ. ನಾನು ಕೊಂಡ ಒಂದು ಆಟವೂ ಹೀಗೇ ಹೋಯಿತು. ಅದರಲ್ಲಿ ಗೆಳೆಯನೊಬ್ಬನ ಜೊತೆ ಕಳೆದ ಸಂಜೆಗಳಿದ್ದವು. ಈಗ ತೆರೆದರೆ ಸರ್ವರ್ ಸಿಗುತ್ತಿಲ್ಲ ಎಂಬ ಒಂದು ಸಾಲು ಬರುತ್ತದೆ. 2014ರ ದಿ ಕ್ರೂ ಎಂಬ ಕಾರು ಓಟದ ಆಟದ ಸರ್ವರ್‌ಗಳು 2024ರ ಮಾರ್ಚ್ 31ಕ್ಕೆ ನಿಂತವು. ಒಬ್ಬರೇ ಆಡುವ ಭಾಗವೂ ಅದರೊಂದಿಗೇ ಸತ್ತಿತು. ಅದರ ಸಿಟ್ಟಿನಿಂದ ಹುಟ್ಟಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಯ ಅರ್ಜಿಗೆ ಯುರೋಪಿನಲ್ಲಿ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೇಳಿತು. ಹೀಗೇ ಆಗಬೇಕೆಂದೇನೂ ಇಲ್ಲ. 1993ರ ಡೂಮ್ ಆಟದ ಮೂಲ ಕೋಡನ್ನು ಅದನ್ನು ಮಾಡಿದವರೇ 1997ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಇವತ್ತಿಗೂ ಯಾವ ಹೊಸ ಯಂತ್ರ ಬಂದರೂ ಅದರಲ್ಲಿ ಡೂಮ್ ಓಡಿಸುವವರು ಇದ್ದೇ ಇರುತ್ತಾರೆ.

ಈಗ ಅಮ್ಮನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು. "ಅದರಲ್ಲಿ ಅಂಥದ್ದೇನು ನೋಡ್ತೀಯಾ, ನನಗೂ ತೋರಿಸು" ಅಂದರಂತೆ. ನೀವು ನಿಮಗೆ ಅತ್ಯಂತ ಇಷ್ಟವಾದ ಆಟವನ್ನೇ ಹಾಕಿ ಕಂಟ್ರೋಲರ್ ಕೊಟ್ಟಿರಿ. ಅವರು ಹತ್ತು ನಿಮಿಷ ಆಕಾಶ ನೋಡುತ್ತಾ, ಗೋಡೆಗೆ ಗುದ್ದುತ್ತಾ ಇದ್ದು, "ನನಗೆ ಆಗಲ್ಲಪ್ಪ" ಎಂದು ವಾಪಸ್ ಕೊಟ್ಟರು. ಅಮ್ಮನಿಗೆ ಆಸಕ್ತಿ ಇಲ್ಲ ಎಂದು ನೀವು ತೀರ್ಮಾನಿಸಿದ್ದೀರಿ. ಅದು ಸರಿಯಲ್ಲ. ಒಂದು ಹೆಬ್ಬೆರಳಲ್ಲಿ ನಡೆಯುವುದು, ಇನ್ನೊಂದರಲ್ಲಿ ಕತ್ತು ತಿರುಗಿಸುವುದು, ಎರಡೂ ಒಟ್ಟಿಗೆ. ಇದು ನಮಗೆ ಬಂದಿರುವುದು ವರ್ಷಗಟ್ಟಲೆ ಆಡಿ. ಆಟಗಳು ಇದು ಎಲ್ಲರಿಗೂ ಬರುತ್ತದೆ ಎಂದುಕೊಂಡೇ ಶುರುವಾಗುತ್ತವೆ. ಅವರು ಸೋತಾಗ ತಪ್ಪು ಅವರದಾಗಿರಲಿಲ್ಲ.

1985ರ ಸೂಪರ್ ಮಾರಿಯೋ ಬ್ರದರ್ಸ್ ಶುರು ಮಾಡಿ ನೋಡಿ. ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಗಡೆ ಪೂರ್ತಿ ಖಾಲಿ. ಯಾರೂ ಹೇಳದೆಯೇ ಬಲಕ್ಕೆ ನಡೆಯುತ್ತೇವೆ. ಗೂಂಬಾ ಎಂಬ ಪುಟ್ಟ ಶತ್ರು ಎದುರಿಗೆ ಬರುತ್ತದೆ. ಮುಟ್ಟಿದರೆ ಔಟ್, ಆದರೆ ಕಳೆದುಕೊಂಡದ್ದು ಕೆಲವೇ ಸೆಕೆಂಡು. ಮುಂದಿನ ಸಲ ಹಾರುತ್ತೇವೆ. ಅಮ್ಮನಿಗೆ ಇಂಥ ಬಾಗಿಲು ಬೇಕು.

ನನ್ನ ಸಲಹೆ ಕೇಳಿದರೆ ಮೊದಲು ಟೆಟ್ರಿಸ್. ಏಳು ಆಕಾರ, ಕೆಲವೇ ಬಟನ್. ಆಮೇಲೆ 2019ರ ಎ ಶಾರ್ಟ್ ಹೈಕ್. ಪುಟ್ಟ ಹಕ್ಕಿಯೊಂದು ಫೋನ್ ಸಿಗ್ನಲ್ ಹುಡುಕಿಕೊಂಡು ಬೆಟ್ಟ ಹತ್ತುತ್ತದೆ. ಕ್ಯಾಮೆರಾವನ್ನು ಆಟವೇ ನೋಡಿಕೊಳ್ಳುತ್ತದೆ. ಅದರಲ್ಲಿ ಔಟ್ ಆಗುವುದೇ ಇಲ್ಲ. ಮೇಲೆ ನಾನು ಸೋಲಿನ ಬಗ್ಗೆ ಬರೆದ ಯಾವುದೂ ಅದಕ್ಕೆ ಹೊಂದುವುದಿಲ್ಲ, ಆದರೂ ನನಗೆ ಅದು ಬಹಳ ಇಷ್ಟ. ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಕಂಟ್ರೋಲರ್ ಅವರ ಕೈಗೆ ಕೊಟ್ಟ ಮೇಲೆ ನೀವು ಮಾತಾಡಬೇಡಿ. ಎಡಕ್ಕೆ ಹೋಗಿ, ಅದನ್ನು ಒತ್ತಿ ಅಂತ ಹೇಳಬೇಡಿ. ದಾರಿ ತಪ್ಪಿದರೂ ಬಿಡಿ. ಪಕ್ಕದಲ್ಲಿ ಕೂತು ಅವರ ಮುಖ ನೋಡಿ. ಎಲ್ಲಿ ತಡೆದರು, ಎಲ್ಲಿ ನಕ್ಕರು, ಬೆಟ್ಟ ಬಿಟ್ಟು ಬೇರೆಲ್ಲಿ ಸುತ್ತಾಡಿದರು ಎಂದು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ