ಮೆಟಾವರ್ಸ್ ಷೇರಿಗೆ ಮುಳುಗಡೆ ಪರಿಹಾರದ ಹಣ ಹಾಕಬಹುದೇ?

ಪ್ರಶ್ನೆ: ಆಲಮಟ್ಟಿ ಹಿನ್ನೀರಿಗೆ ನಮ್ಮ ಹೊಲ ಹೋಯಿತು. ಪರಿಹಾರದ ಹಣ ಅಪ್ಪನ ಖಾತೆಗೆ ಜಮಾ ಆಗಿದೆ. ಹುಬ್ಬಳ್ಳಿಯಲ್ಲಿರುವ ನಮ್ಮ ಮಾವ, ‘ಮೆಟಾವರ್ಸ್ ಮಾಡುವ ಕಂಪನಿಯೊಂದು ಇನ್ನೂ ಷೇರುಪೇಟೆಗೆ ಬಂದಿಲ್ಲ, ಈಗ ಹಿಡಿದರೆ ಐದು ವರ್ಷಕ್ಕೆ ಹತ್ತು ಪಟ್ಟು. ಅದರ ವರ್ಚುವಲ್ ಊರಾಗ ಒಂದು ಪ್ಲಾಟೂ ತಗೊಳ್ರಿ’ ಎನ್ನುತ್ತಿದ್ದಾರೆ. ದೊಡ್ಡ ಹೂಡಿಕೆದಾರರೂ ಹಣ ಹಾಕಿದ್ದಾರಂತೆ. ಹಾಕಬಹುದೇ ಸರ್?
– ಓದುಗರೊಬ್ಬರು, ಬೀಳಗಿ

ಉತ್ತರ: ಬ್ಯಾಡ್ರಿ. ಯಾಕೆ ಎಂಬುದನ್ನು ಬರೆಯುತ್ತೇನೆ, ಅಪ್ಪನಿಗೂ ಓದಿ ಹೇಳಿರಿ. ಮೆಟಾವರ್ಸ್ ಅಂದರೆ ಕಂಪ್ಯೂಟರಿನೊಳಗೆ ಕಟ್ಟಿದ ಊರು, ಜನ ಅಲ್ಲಿ ಓಡಾಡಿದಂತೆ, ಕೂಡಿದಂತೆ ಅನಿಸುವ ಲೋಕ.

ಬೆಳಗಾವಿಯಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಾಗ ಉದ್ಯಮಬಾಗದ ಫೌಂಡ್ರಿ ಮಾಲಕರು ಹೊಸ ಮಷಿನ್ ತರಲು ಸಾಲ ಕೇಳಿ ಬರುತ್ತಿದ್ದರು. ಮಷಿನ್ ಎಷ್ಟು ಚಲೋ ಅದ ಅಂತ ನಾನು ಮೊದಲು ಕೇಳುತ್ತಿರಲಿಲ್ಲ. ಆರ್ಡರ್ ಯಾರದು, ಮಾಲು ಹೋದ ಎಷ್ಟು ದಿನಕ್ಕೆ ರೊಕ್ಕ ಬರುತ್ತದೆ ಎಂದು ಕೇಳುತ್ತಿದ್ದೆ. ನಿಮ್ಮ ಮಾವನಿಗೂ ಇದನ್ನೇ ಕೇಳಿರಿ: ಈ ಕಂಪನಿಯಿಂದ ಇವತ್ತು ಕೊಳ್ಳುತ್ತಿರುವವರು ಯಾರು? ಹೂಡಿಕೆದಾರರು ಕೊಟ್ಟದ್ದು ವ್ಯಾಪಾರದ ಗಳಿಕೆಯಲ್ಲ, ಖರ್ಚಿಗೆ ಕೊಟ್ಟ ಬಂಡವಾಳ.

ಫೇಸ್‌ಬುಕ್ ಕಂಪನಿಯನ್ನೇ ನೋಡಿರಿ. 2014ರಲ್ಲಿ ಸುಮಾರು 200 ಕೋಟಿ ಡಾಲರಿಗೆ ಆಕ್ಯುಲಸ್ ಎಂಬ ಹೆಡ್‌ಸೆಟ್ (ಇಂಥ ಲೋಕ ನೋಡಲು ಕಣ್ಣಿಗೆ ಕಟ್ಟಿಕೊಳ್ಳುವ ಸಾಧನ) ಕಂಪನಿಯನ್ನು ಕೊಂಡಿತು. 2021ರ ಅಕ್ಟೋಬರಿನಲ್ಲಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿತು. ಮೆಟಾವರ್ಸ್ ಕೆಲಸ ನೋಡಿಕೊಳ್ಳುವ ರಿಯಾಲಿಟಿ ಲ್ಯಾಬ್ಸ್ ವಿಭಾಗಕ್ಕೆ 2022ರಲ್ಲಿ ಬಂದ ಆದಾಯ ಸುಮಾರು 216 ಕೋಟಿ ಡಾಲರ್, ಆದ ನಷ್ಟ ಸುಮಾರು 1,370 ಕೋಟಿ ಡಾಲರ್. 2021ರ ಸೆಪ್ಟೆಂಬರಿನಲ್ಲಿ 380 ಡಾಲರ್ ಮುಟ್ಟಿದ್ದ ಷೇರು ಮರುವರ್ಷದ ನವೆಂಬರಿನಲ್ಲಿ 90ರ ಕೆಳಗೆ ಬಂತು. ಆಮೇಲೆ ಚೇತರಿಸಿಕೊಂಡಿತು ನಿಜ. ನಷ್ಟ ಹೊರಲು ಅದಕ್ಕೆ ಜಾಹೀರಾತಿನ ಆದಾಯ ಇತ್ತು. ಅಷ್ಟು ದೊಡ್ಡ ಡಿಸ್ನಿ ಕೂಡ 2023ರಲ್ಲಿ ತನ್ನ ಮೆಟಾವರ್ಸ್ ತಂಡವನ್ನು ಮುಚ್ಚಿತು. ನಿಮ್ಮ ಮಾವ ಹೇಳುವ ಕಂಪನಿ ಯಾವ ಆದಾಯದ ಮೇಲೆ ನಿಂತಿದೆ?

ಇನ್ನು ಪ್ಲಾಟು. ಅದಕ್ಕೆ ಉತಾರ ಇಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಇಲ್ಲ. ಕಂಪನಿ ಸರ್ವರ್ ನಿಲ್ಲಿಸಿದ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಒಂದು ಟೋಕನ್, ಅಂದರೆ ಪ್ಲಾಟು ನಿಮ್ಮದೆಂದು ಕಂಪ್ಯೂಟರಿನಲ್ಲಿ ಬರೆದ ಒಂದು ಗುರುತು. ಅಂಥ ಟೋಕನ್ ಮಾರಿ ಲಾಭ ಬಂದರೆ 30% ತೆರಿಗೆ. ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಕಳೆಯುವ ಅವಕಾಶವನ್ನೂ ಕಾನೂನು ಕೊಟ್ಟಿಲ್ಲ. ಹೊಲ ಕಳೆದುಕೊಂಡ ಮನೆಯ ಹಣ ಅಲ್ಲಿಗೆ ಹೋಗುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಷೇರುಪೇಟೆಗೆ ಬರದ ಕಂಪನಿಯ ಷೇರಿನದು ಇನ್ನೊಂದು ತೊಡಕು. ತಂಗಿಯ ಮದುವೆಗೋ ಆಸ್ಪತ್ರೆಗೋ ಹಣ ಬೇಕಾದಾಗ ಕೊಳ್ಳುವವರು ಸಿಗಬೇಕಲ್ಲ?

ತಂತ್ರಜ್ಞಾನ ಸುಳ್ಳೆಂದು ನಾನು ಹೇಳುತ್ತಿಲ್ಲ. ಪೈಲಟ್ ತರಬೇತಿ, ವೆಲ್ಡಿಂಗ್ ಕಲಿಕೆ, ಶಸ್ತ್ರಚಿಕಿತ್ಸೆಯ ಅಭ್ಯಾಸ, ಇವಕ್ಕೆ ಹೆಡ್‌ಸೆಟ್ ನಿಜಕ್ಕೂ ಉಪಯೋಗ. ತಪ್ಪು ಮಾಡಿದರೂ ಕೈ ಸುಡುವುದಿಲ್ಲ, ಮಾಲು ಕೆಡುವುದಿಲ್ಲ. ಇಂಥ ಕೆಲಸಕ್ಕೆ ಕಾರ್ಖಾನೆಗಳು, ಕಾಲೇಜುಗಳು ವರ್ಷವರ್ಷವೂ ದುಡ್ಡು ಕೊಡುತ್ತಿರುವ ಕಂಪನಿ ಮುಂದೆ ಐಪಿಒಗೆ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಲು, ಬಂದರೆ ಅದರ ಪ್ರಾಸ್ಪೆಕ್ಟಸ್ (ಕಂಪನಿ ಕೊಡುವ ವಿವರ ಪತ್ರ) ಓದಿರಿ. ಎತ್ತಿದ ಹಣವನ್ನು ಯಾವುದಕ್ಕೆ ಬಳಸುತ್ತಾರೆ ಎಂಬ ಅಧ್ಯಾಯವೇ ಅದರಲ್ಲಿರುತ್ತದೆ. ಆಗಲೂ ಹಾಕಬೇಕಾದ್ದು ನಿಮ್ಮ ಸಂಬಳದಲ್ಲಿ ಉಳಿದದ್ದನ್ನು, ಅಪ್ಪನ ಹಣವನ್ನಲ್ಲ.

ಸದ್ಯಕ್ಕೆ ಆ ಹಣ ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿ ಠೇವಣಿಯಾಗಿರಲಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮೆ ಇರುವುದು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಬದಲಿ ಹೊಲ ಸಿಗುವಂತಿದ್ದರೆ ಅದನ್ನು ಮೊದಲು ನೋಡಿರಿ.

ಪತ್ರದಲ್ಲಿ ಕಂಪನಿಯ ಹೆಸರು ಬರೆದಿಲ್ಲ. ಅದರ ಕಳೆದ ಮೂರು ವರ್ಷದ ಲೆಕ್ಕಪತ್ರವನ್ನು ಮಾವನಿಂದ ತರಿಸಿ ಕಳಿಸಿರಿ, ಓದಿ ಉತ್ತರ ಬರೆಯುತ್ತೇನೆ. ಅಲ್ಲಿಯವರೆಗೆ ಯಾವ ಅರ್ಜಿಗೂ ಅಪ್ಪನ ಸಹಿ ಬೀಳಬಾರದು.